‘ಐದೂವರೆ ಅನ್ನು’

(ಹಾಸನ ಜಿಲ್ಲೆಯ ಒಂದು ಊರಿನಲ್ಲಿ, ಪೋಷಕರ ಸಭೆಯಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ನಾನೇ ಬರೆದಿದ್ದೇನೆ. ಎರಡೆರಡು ಸಲ ಹೇಳಿದ್ದನ್ನು ಒಂದು ಸಲಕ್ಕೆ ಇಳಿಸಿದ್ದೇನೆ. ಮಧ್ಯೆ ಕರೆಂಟ್ ಹೋಗಿ ಮೈಕ್ ಇಲ್ಲದೆ ಮಾತಾಡಿದ ಭಾಗ ಮಾತ್ರ ನೆನಪಿನಿಂದ ಬರೆದದ್ದು.)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ ‘ಇಂದಿನ ಮಕ್ಕಳಲ್ಲಿ ಶಿಸ್ತು ಏಕಿಲ್ಲ?’ ಅಂತ. ಆಯ್ತು ಅಂದೆ. ಆದರೆ ಬಸ್ಸಿನಲ್ಲಿ ಬರುವಾಗ ಯೋಚನೆ ಬಂತು. ಈ ಸಭೆಯಲ್ಲಿ ಮಕ್ಕಳೇ ಇರುವುದಿಲ್ಲ. ಎದುರಿಗೆ ಇಲ್ಲದವರ ಬಗ್ಗೆ ಮಾತಾಡುವುದು ಬಹಳ ಸುಲಭ, ಊರಿನ ಅರಳಿಕಟ್ಟೆಗಳಲ್ಲೆಲ್ಲ ನಡೆಯುವುದು ಅದೇ. ಇವತ್ತು ಇರುವವರ ಬಗ್ಗೆ ಮಾತಾಡೋಣ. ನನ್ನಿಂದಲೇ ಶುರು ಮಾಡುತ್ತೇನೆ.

ನನ್ನ ಮಗನಿಗೆ ಆಗ ಏಳು ವರ್ಷ. ಅರಸೀಕೆರೆಯಿಂದ ಹಾಸನಕ್ಕೆ ಹೊರಟಿದ್ದೆವು. ಆರು ತುಂಬಿದ ಮಕ್ಕಳಿಗೆ ಅರ್ಧ ಟಿಕೆಟ್ ಅಂತ ನಿಮಗೆಲ್ಲ ಗೊತ್ತು. ಬಸ್ ಹತ್ತುವ ಮೊದಲು ಅವನ ಕಿವಿಯಲ್ಲಿ ಹೇಳಿದೆ: ‘ಕೇಳಿದ್ರೆ ಐದೂವರೆ ಅನ್ನು.’ ನಾನು ಗಣಿತದ ಟೀಚರ್ ಅನ್ನುವುದು ನೆನಪಿರಲಿ. ಕಂಡಕ್ಟರ್ ಬಂದರು. ನನ್ನ ಕಡೆ ನೋಡಲೇ ಇಲ್ಲ, ನೇರವಾಗಿ ಹುಡುಗನನ್ನು ಕೇಳಿದರು. ‘ಎಷ್ಟು ವರ್ಷ ಮರಿ ನಿಂಗೆ?’ ಇವನು ಎದೆ ಸೆಟೆಸಿಕೊಂಡು ‘ಏಳು. ಎರಡನೇ ಕ್ಲಾಸು’ ಅಂದ. ಕಂಡಕ್ಟರ್ ಏನೂ ಅನ್ನಲಿಲ್ಲ. ಒಂದು ಫುಲ್ಲು, ಒಂದು ಹಾಫು ಹರಿದು ಕೊಟ್ಟು ಮುಂದಕ್ಕೆ ಹೋದರು. ಹಾಸನ ಬರುವವರೆಗೆ ನಾನು ಕಿಟಕಿಯಿಂದ ಈ ಕಡೆ ತಿರುಗಲಿಲ್ಲ.

ಬಸ್ ಇಳಿದ ಮೇಲೆ ಅವನಿಗೆ ಬೈದೆ. ನಿಜ ಹೇಳಿದ್ದಕ್ಕೆ.

ಅಲ್ಲಿಗೇ ಮುಗಿದಿದ್ದರೆ ಇದನ್ನು ನಿಮ್ಮ ಮುಂದೆ ನಗುತ್ತಾ ಹೇಳಬಹುದಿತ್ತು. ಮುಂದಿನ ತಿಂಗಳು ಮತ್ತೆ ಅದೇ ದಾರಿ, ಅದೇ ಬಸ್ಸು. ಈ ಸಲ ನಾನೇನೂ ಹೇಳಿಕೊಟ್ಟಿರಲಿಲ್ಲ. ಕಂಡಕ್ಟರ್ ನಮ್ಮ ಸೀಟಿನ ಹತ್ತಿರ ಬಂದದ್ದೇ ತಡ, ಅವರು ಕೇಳುವ ಮೊದಲೇ ಇವನು ‘ಐದೂವರೆ’ ಅಂದ. ಅಂದವನೇ ನನ್ನ ಮುಖ ನೋಡಿದ. ಸರಿಯಾಗಿ ಹೇಳಿದ್ನಾ ಅಂತ. ಉಳಿದದ್ದು ಕೆಲವೇ ರೂಪಾಯಿ. ಆ ದುಡ್ಡಲ್ಲೇ ಅವನಿಗೆ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಕೊಡಿಸಿದೆ. ಬಹುಮಾನ ಅಲ್ವಾ!

ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಹೆಚ್ಚಿನದು ಸರ್ಕಾರಿ ಹೈಸ್ಕೂಲುಗಳಲ್ಲಿ, ಕೊನೆಯ ಆರು ವರ್ಷ ಬೆಂಗಳೂರಿನ ಖಾಸಗಿ ಶಾಲೆಯಲ್ಲಿ. ಅಷ್ಟು ವರ್ಷಗಳಲ್ಲಿ ಒಂದೇ ಸಲಕ್ಕೆ, ಪರೀಕ್ಷೆ ಇಲ್ಲದೆ, ರಿವಿಷನ್ ಇಲ್ಲದೆ ಒಂದು ಮಗು ಪೂರ್ತಿ ಕಲಿತ ಪಾಠ ನನಗೆ ಗೊತ್ತಿರುವುದು ಇದೊಂದೇ.

ಈಗ ರೈಲಿನ ವಿಷಯಕ್ಕೆ ಬರುತ್ತೇನೆ. ಹುಬ್ಬಳ್ಳಿ ಕಡೆಗೆ ಹೋಗುವ ರಾತ್ರಿ ರೈಲು. ರಾತ್ರಿ ಹತ್ತರ ಮೇಲೆ ಜೋರಾಗಿ ಹಾಡು ಹಾಕಬಾರದು, ದೊಡ್ಡ ದೀಪ ಆರಿಸಬೇಕು ಅಂತ ರೈಲ್ವೆಯವರದೇ ನಿಯಮ ಇದೆ. ಹನ್ನೊಂದು ಗಂಟೆ ಆಗಿದೆ. ಎದುರಿನ ಬರ್ತಿನಲ್ಲಿ ಒಂಬತ್ತು ಹತ್ತು ವರ್ಷದ ಹುಡುಗ ಮೊಬೈಲಿನಲ್ಲಿ ಗೇಮ್ ಆಡುತ್ತಿದ್ದಾನೆ, ಗುಂಡಿನ ಸದ್ದು ಇಡೀ ಬೋಗಿಗೆ ಕೇಳುತ್ತಿದೆ. ಕೆಳಗಿನ ಬರ್ತಿನ ಅಜ್ಜ ಎರಡು ಸಲ ಕೆಮ್ಮಿದರು. ನಮ್ಮ ಕಡೆ ಕೆಮ್ಮುವುದೂ ಒಂದು ಅರ್ಜಿ ಕೊಟ್ಟ ಹಾಗೆ. ಆ ಅರ್ಜಿ ಯಾರಿಗೂ ತಲುಪಲಿಲ್ಲ. ಕೊನೆಗೆ ನಾನೇ ‘ಸೌಂಡ್ ಸ್ವಲ್ಪ ಕಮ್ಮಿ ಮಾಡ್ತೀಯಾ ಪುಟ್ಟ’ ಅಂದೆ. ಉತ್ತರ ಬಂದದ್ದು ಪಕ್ಕದ ಬರ್ತಿನಿಂದ, ಅವನ ಅಮ್ಮನಿಂದ. ‘ಮಗು ಅಲ್ವಾ ಆಂಟಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.’

ಈ ‘ಅಡ್ಜಸ್ಟ್ ಮಾಡ್ಕೊಳ್ಳಿ’ ಅನ್ನುವ ಮಾತು ನನಗೆ ಇಷ್ಟ. ಅದು ನಮ್ಮದೇ ಆಗಿಬಿಟ್ಟಿದೆ. ಮೂರು ಜನರ ಸೀಟಿನಲ್ಲಿ ನಾಲ್ಕನೆಯವರು ಕೂರುವುದು ಆ ಮಾತಿನಿಂದಲೇ. ಅದರಲ್ಲಿ ಒಂದು ಲೆಕ್ಕ ಇರುತ್ತದೆ. ನಾಲ್ಕನೆಯವರು ಬಂದರೆ ನಾಲ್ಕೂ ಜನ ಒಂದೊಂದು ಗೇಣು ಕುಗ್ಗಬೇಕು. ಬಂದವರೂ ಅರ್ಧ ಸೀಟಿನಲ್ಲೇ ಕೂರಬೇಕು. ಆ ರಾತ್ರಿ ಆ ಬೋಗಿಯಲ್ಲಿ ಎಲ್ಲರೂ ಕುಗ್ಗಿದರು, ಆ ಹುಡುಗ ಮಾತ್ರ ಕುಗ್ಗಲಿಲ್ಲ. ಅವನ ತಪ್ಪೇನು? ಕುಗ್ಗು ಅಂತ ಅವನಿಗೆ ಯಾರೂ ಹೇಳಲೇ ಇಲ್ಲ. ಅವನು ತಲೆ ಎತ್ತಿ ನೋಡಿದ್ದ. ಸೌಂಡ್ ಕಡಿಮೆ ಮಾಡುತ್ತಿದ್ದನೋ ಏನೋ. ಅಷ್ಟರಲ್ಲಿ ಅಮ್ಮ ಅಡ್ಡ ಬಂದಾಯಿತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ಅನ್ಯಾಯ ಆಗುತ್ತದೆ. ಎರಡು ವರ್ಷದ ಕೂಸು ಬಸ್ಸಿನಲ್ಲಿ ಅತ್ತರೆ ಅದು ಅಶಿಸ್ತಲ್ಲ. ಹಲ್ಲು ಬರುತ್ತಿರಬಹುದು, ಹೊಟ್ಟೆ ನೋಯುತ್ತಿರಬಹುದು. ಆಟಿಸಂ ಇರುವ ಮಗು ಜನಜಂಗುಳಿ ಕಂಡು ಕಿರುಚಿಕೊಂಡರೆ ಅದೂ ಅಶಿಸ್ತಲ್ಲ. ಅಂಥ ಸಮಯದಲ್ಲಿ ತಾಯಿಯನ್ನು ದುರುಗುಟ್ಟಿ ನೋಡುವವರು ಇದ್ದಾರಲ್ಲ, ಅಶಿಸ್ತು ಅವರದು. ಇನ್ನೊಂದು. ಹೋಟೆಲಿನಲ್ಲಿ ಮಕ್ಕಳು ಟೇಬಲ್ ಮಧ್ಯೆ ಓಡುತ್ತವೆ ಅಂತ ನಾವು ಬೈಯುತ್ತೇವೆ. ಮೂವತ್ತು ನಲವತ್ತರ ಸೈಟಿನಲ್ಲಿ ಗೋಡೆಯಿಂದ ಗೋಡೆಗೆ ಮನೆ ಕಟ್ಟಿದ್ದೇವೆ. ಅಪಾರ್ಟ್‌ಮೆಂಟಿನ ಅಂಗಳದಲ್ಲಿ ‘ಇಲ್ಲಿ ಚೆಂಡಾಟ ನಿಷೇಧ’ ಅಂತ ಬೋರ್ಡು. ಎಷ್ಟೋ ಶಾಲೆಗಳಿಗೆ ಮೈದಾನವೇ ಇಲ್ಲ. ವಾರಕ್ಕೊಂದು ಸಲ ಆ ಮಗುವಿಗೆ ಕಾಣಿಸುವ ವಿಶಾಲವಾದ ನೆಲ ಅಂದರೆ ಆ ಹೋಟೆಲಿನದೇ. ಓಡದೆ ಏನು ಮಾಡೀತು? ಅದನ್ನು ಹಿಡಿದು ಕೂರಿಸುವುದು ನಮ್ಮ ಕೆಲಸ. ಬಿಸಿ ಸಾಂಬಾರಿನ ಬಕೆಟ್ ಹಿಡಿದು ಬರುವ ಹುಡುಗನ ಕೆಲಸ ಅಲ್ಲ.

ಈಗ ನನಗೆ ನಿಜವಾಗಿ ಹೇಳಬೇಕಾದ ವಿಷಯ. ಬೆಂಗಳೂರಿನ ಶಾಲೆಯಲ್ಲಿ ನಡೆದದ್ದು. ಶಾಲೆಯ ಹೆಸರು ಬೇಡ.

ಏಳನೇ ಕ್ಲಾಸಿನ ಹುಡುಗ. ಊಟದ ಬೆಲ್ ಹೊಡೆದಿತ್ತು. ಕಾರಿಡಾರ್‌ನಲ್ಲಿ ಆಯಾ ನೆಲ ಒರೆಸುತ್ತಿದ್ದರು. ಇವನು ಓಡಿ ಬಂದು ಬಕೆಟ್ ಒದ್ದ. ಆಕಸ್ಮಿಕ ಅಲ್ಲ, ಗುರಿ ನೋಡಿ ಒದ್ದದ್ದು. ಗೆಳೆಯರು ಚಪ್ಪಾಳೆ ತಟ್ಟಿದರು. ಕೊಳೆ ನೀರೆಲ್ಲ ಆಯಾನ ಸೀರೆಗೆ ಆಯಿತು. ನಾನು ಅಲ್ಲೇ ಇದ್ದೆ. ಹೊಡೆಯಲಿಲ್ಲ, ಬೈಯಲೂ ಇಲ್ಲ. ಮಾಪು ಕೊಟ್ಟು ‘ಒರೆಸು’ ಅಂದೆ. ಆಯಾ ಅಂದದ್ದು ನನಗೆ ಇನ್ನೂ ಕಿವಿಯಲ್ಲಿದೆ. ‘ಬಿಡಿ ಮಿಸ್, ನಾನೇ ಒರೆಸ್ಕೋತೀನಿ. ಅದೇನ್ ದೊಡ್ಡ ಕೆಲ್ಸ.’ ನಾನು ಬಿಡಲಿಲ್ಲ. ಅವನು ಒರೆಸಿದ. ಕೆಟ್ಟದಾಗಿ ಒರೆಸಿದ, ಆದರೆ ಒರೆಸಿದ.

ಮಾರನೇ ದಿನ ಬೆಳಿಗ್ಗೆ ಅಪ್ಪ ಅಮ್ಮ ಇಬ್ಬರೂ ಬಂದರು. ‘ಲಕ್ಷಗಟ್ಟಲೆ ಫೀಸ್ ಕಟ್ಟೋದು ನಮ್ಮ ಮಗ ನೆಲ ಒರೆಸೋಕಾ?’ ಒಂದು ಗಂಟೆ ಮಾತಾಡಿದರು. ಆ ಒಂದು ಗಂಟೆಯಲ್ಲಿ ಬಕೆಟ್ ಅನ್ನುವ ಶಬ್ದ ಒಂದು ಸಲವೂ ಬರಲಿಲ್ಲ. ಆಯಾ ಅನ್ನುವ ಶಬ್ದವೂ ಬರಲಿಲ್ಲ. ಅಷ್ಟು ಹೊತ್ತಿಗೆ ಕ್ಲಾಸಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ನಾನು ಮಕ್ಕಳ ಕೈಲಿ ಶಾಲೆ ಗುಡಿಸಿಸುವ ಟೀಚರ್ ಆಗಿದ್ದೆ. ನಾನು ಕ್ಷಮೆ ಕೇಳಬೇಕು ಅಂತ ತೀರ್ಮಾನ ಆಯಿತು. ಹುಡುಗನ ಎದುರಿಗೆ. ಕೇಳಿದೆ. ಮನೆ ಸಾಲ ಇತ್ತು, ಕೇಳದೆ ಏನು ಮಾಡಲಿ?

ಕೇಳುವಾಗ ಅವನ ಮುಖ ನೋಡಿದೆ. ಗೆದ್ದ ಖುಷಿ ಇರುತ್ತದೆ ಅಂದುಕೊಂಡಿದ್ದೆ. ಇರಲಿಲ್ಲ. ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ತಾನು ಮಾಡಿದ್ದೇನು ಅಂತ ಅವನಿಗೆ ಗೊತ್ತಿತ್ತು. ಆ ಕೋಣೆಯಲ್ಲಿ ಅದು ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಅದಾದ ಮೇಲೆ ವರ್ಷ ಮುಗಿಯುವವರೆಗೆ ಅವನು ನನ್ನ ಹತ್ತಿರ ಒಂದು ಡೌಟೂ ಕೇಳಲಿಲ್ಲ.

ನಾನು ಮಾಡಿದ್ದು ಪೂರ್ತಿ ಸರಿ ಅಂತ ನಾನೂ ಹೇಳುವುದಿಲ್ಲ. ಎಲ್ಲರೂ ನೋಡುತ್ತಿರುವಾಗ ಮಾಡಿಸಬಾರದಿತ್ತು. ಸಂಜೆ ಶಾಲೆ ಬಿಟ್ಟ ಮೇಲೆ, ಆಯಾನ ಜೊತೆ ಅವನನ್ನೂ ನಿಲ್ಲಿಸಿ ಮಾಡಿಸಬಹುದಿತ್ತು. ಶಿಕ್ಷಣ ಹಕ್ಕು ಕಾಯ್ದೆ 2009ರದು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನೂ ನಿಷೇಧಿಸುತ್ತದೆ, ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಬಹಳ ಒಳ್ಳೆಯ ಸೆಕ್ಷನ್ ಅದು. ನಾನು ಕೆಲಸಕ್ಕೆ ಸೇರಿದಾಗ ಸ್ಟಾಫ್ ರೂಮಿನಲ್ಲಿ ಚಾಕ್ ಡಬ್ಬದ ಪಕ್ಕ ಬೆತ್ತ ಇರುತ್ತಿತ್ತು. ನಾನೂ ಎತ್ತಿಕೊಂಡಿದ್ದೇನೆ. ಮಗ್ಗಿ ಬಾರದ ಹುಡುಗಿಯ ಅಂಗೈಗೆ ಹೊಡೆದಿದ್ದೇನೆ. ಅವಳಿಗೆ ಆಮೇಲೂ ಮಗ್ಗಿ ಬರಲಿಲ್ಲ. ಆ ಕಾಲ ಚೆನ್ನಾಗಿತ್ತು, ಗುರುಗಳಿಗೆ ಮರ್ಯಾದೆ ಇತ್ತು ಅಂತ ಹೇಳುವವರ ಜೊತೆ ನಾನಿಲ್ಲ. ಅದು ಮರ್ಯಾದೆ ಅಲ್ಲ, ಹೆದರಿಕೆ.

ಪೋಷಕರು ಶಾಲೆಗೆ ಬಂದು ಜಗಳ ಮಾಡಲೇಬಾರದು ಅಂತಲೂ ಅಲ್ಲ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯಲ್ಲಿ ಮಕ್ಕಳನ್ನೇ ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದು ಬೆಳಕಿಗೆ ಬಂತು. ಅದು ಕೂಗಬೇಕಾದ ವಿಷಯ, ಶಾಲೆಯ ಗೇಟು ಅಲುಗಾಡುವಷ್ಟು ಕೂಗಬೇಕು. ಆದರೆ ಒಂದು ಗಮನಿಸಿ. ಇಂಥ ವಸತಿ ಶಾಲೆಗೆ ಮಕ್ಕಳನ್ನು ಕಳಿಸುವವರು ಬಡವರು. ದೂರದ ಹಳ್ಳಿಯಿಂದ ಕೂಲಿ ಬಿಟ್ಟು ಬಂದು ಪ್ರಿನ್ಸಿಪಾಲರ ಎದುರು ಕುರ್ಚಿ ಎಳೆದುಕೊಂಡು ಕೂರುವ ಧೈರ್ಯ ಅವರಿಗೆ ಎಲ್ಲಿಂದ ಬರಬೇಕು? ಬಾಯಿ ಇರುವವರು ಮಾಪಿನ ವಿಷಯಕ್ಕೆ ಒಂದು ಗಂಟೆ ಮಾತಾಡುತ್ತಾರೆ. ಮಾತಾಡಲೇಬೇಕಾದವರು ಗೇಟಿನ ಹೊರಗೆ ಚಪ್ಪಲಿ ಬಿಟ್ಟು ನಿಂತಿರುತ್ತಾರೆ.

ಚಪ್ಪಲಿ ಬಿಟ್ಟು ನಿಲ್ಲುವ ಅಪ್ಪಂದಿರನ್ನು ನಾನು ಇದೇ ಜಿಲ್ಲೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. ‘ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದ್ರೂ ಬಾರ್ಸಿ ಟೀಚರ್, ನಾವು ಕೇಳಲ್ಲ’ ಅನ್ನುತ್ತಿದ್ದರು. ಆಗ ನನಗೆ ಅದು ನಂಬಿಕೆ ಅನಿಸುತ್ತಿತ್ತು. ಈಗ ಹಾಗೆ ಅನಿಸುವುದಿಲ್ಲ. ‘ನನ್ನ ಮಗನನ್ನು ಮುಟ್ಟಬೇಡಿ’ ಅನ್ನುವ ಅಪ್ಪನೂ ‘ನಾಲ್ಕು ಬಾರಿಸಿ’ ಅನ್ನುವ ಅಪ್ಪನೂ ಒಂದೇ ಕೆಲಸ ತಪ್ಪಿಸಿಕೊಳ್ಳುತ್ತಿದ್ದಾರೆ. ಮಗನ ಪಕ್ಕ ಕೂತು ‘ಏನಪ್ಪಾ ಮಾಡ್ದೆ? ಈಗ ಏನ್ ಮಾಡೋಣ?’ ಅಂತ ಕೇಳುವ ಕೆಲಸ.

ಇನ್ನು ಪರೀಕ್ಷೆ. ಇದನ್ನು ಬೇಗ ಮುಗಿಸುತ್ತೇನೆ, ನಿಮಗೂ ಗೊತ್ತಿರುವುದೇ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಯುವಾಗ ಕಾಂಪೌಂಡ್ ಹಾರಿ ಕಿಟಕಿಯಲ್ಲಿ ಚೀಟಿ ಎಸೆಯುವವರ ಫೋಟೊ ಪೇಪರಿನಲ್ಲಿ ನೋಡಿದ್ದೀರಿ. ಅಣ್ಣ ಇರುತ್ತಾನೆ, ಮಾವ ಇರುತ್ತಾನೆ, ಅಪ್ಪನೂ ಇರುತ್ತಾನೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಪಾಸಾದವರು ನೂರಕ್ಕೆ 83.89. ಆ ವರ್ಷ 73.40. ಅದೂ ಗ್ರೇಸ್ ಮಾರ್ಕ್ಸ್ ಜಾಸ್ತಿ ಕೊಟ್ಟ ಮೇಲೆ. ಆಗ ಜನ ಏನು ಕೇಳಿದರು? ‘ಕ್ಯಾಮೆರಾ ಯಾಕೆ ಹಾಕಿದ್ರಿ, ಮಕ್ಕಳು ಹೆದರಿಕೊಂಡ್ರು’ ಅಂತ ನನ್ನನ್ನೇ ಕೇಳಿದವರು ಇದ್ದಾರೆ. ಐದೂವರೆ ಅನ್ನು ಅಂತ ಕಿವಿಯಲ್ಲಿ ಹೇಳಿದವಳು ನಾನು. ಇವರನ್ನು ಬೈಯುವ ಯೋಗ್ಯತೆ ನನಗಿಲ್ಲ, ಆದರೂ ಹೇಳುತ್ತಿದ್ದೇನೆ.

(ಇಲ್ಲಿ ಕರೆಂಟ್ ಹೋಯಿತು.)

ಟ್ಯೂಷನ್‌ಗೆ ಸ್ಕೂಟರಿನಲ್ಲಿ ಹೋಗುವ ಮಕ್ಕಳು ಈ ಊರಿನಲ್ಲೂ ಇದ್ದಾರೆ, ಬರುವಾಗ ನೋಡಿದೆ. ಮೂರು ಜನ, ಒಂದೂ ಹೆಲ್ಮೆಟ್ ಇಲ್ಲ, ಮೀಸೆಯೂ ಚಿಗುರಿಲ್ಲ. ಕೀ ಕೊಟ್ಟವರು ಇಲ್ಲೇ ಕೂತಿರಬಹುದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆಗಿ 199ಎ ಅನ್ನುವ ಸೆಕ್ಷನ್ ಬಂತು. ಹದಿನೆಂಟು ತುಂಬದವರು ಗಾಡಿ ಓಡಿಸಿ ಅಪರಾಧ ಮಾಡಿದರೆ ಅಪ್ಪ ಅಮ್ಮನ ಮೇಲೆ ಅಥವಾ ಗಾಡಿಯ ಮಾಲೀಕರ ಮೇಲೆ ಕೇಸು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ರಿಜಿಸ್ಟ್ರೇಷನ್ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ನಮ್ಮ ರಾಜ್ಯದ ಕೋರ್ಟುಗಳು ಅಪ್ಪಂದಿರಿಗೆ ಈ 25,000 ಹಾಕಿದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ.

2024ರ ಮೇ 19ರ ಪುಣೆಯ ಪ್ರಕರಣ ನಿಮಗೆ ನೆನಪಿರಬೇಕು. ಹದಿನೇಳು ವರ್ಷದ ಹುಡುಗ, ಪೋರ್ಷೆ ಕಾರು. ಬೈಕಿನಲ್ಲಿದ್ದ ಇಬ್ಬರು ಎಂಜಿನಿಯರುಗಳು, ಇಪ್ಪತ್ತರ ಹರೆಯದವರು, ಸತ್ತರು. ಕೆಲವೇ ಗಂಟೆಗಳಲ್ಲಿ ಹುಡುಗನಿಗೆ ಜಾಮೀನು ಸಿಕ್ಕಿತು. ಅಪಘಾತದ ಬಗ್ಗೆ 300 ಪದಗಳ ಪ್ರಬಂಧ ಬರೆಯಬೇಕು ಅನ್ನುವುದು ಷರತ್ತುಗಳಲ್ಲಿ ಒಂದು. ಪ್ರಬಂಧದ ಬಗ್ಗೆ ದೇಶವೆಲ್ಲ ಸಿಟ್ಟಾಯಿತು, ಆಗಬೇಕಾದದ್ದೇ. ಆದರೆ ನನಗೆ ನಿದ್ದೆಗೆಡಿಸಿದ್ದು ಆಮೇಲೆ ಬಂದ ಸುದ್ದಿ. ಹುಡುಗ ಕುಡಿದಿದ್ದನಾ ಅಂತ ಪರೀಕ್ಷೆ ಮಾಡಲು ತೆಗೆದ ಅವನ ರಕ್ತವನ್ನೇ ಬದಲಾಯಿಸಿದರು ಅನ್ನುವ ಆರೋಪದ ಮೇಲೆ ಅಪ್ಪ, ಅಮ್ಮ ಇಬ್ಬರನ್ನೂ ಬಂಧಿಸಿದರು. ಅವನ ರಕ್ತದ ಬದಲಿಗೆ ಇಟ್ಟದ್ದು ತಾಯಿಯ ರಕ್ತ ಅಂತ ಪೊಲೀಸರು ಹೇಳಿದರು.

ತಾಯಿಯ ರಕ್ತ. ಪೇಪರ್ ಮಡಿಸಿಟ್ಟು ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಆ ಗಾದೆ ಇಲ್ಲಿಗೆ ಸಾಲುವುದಿಲ್ಲ. ಆರೋಪ ನಿಜವೋ ಸುಳ್ಳೋ ಕೋರ್ಟು ಹೇಳಲಿ. ಆದರೆ ಆ ಸುದ್ದಿ ಓದಿದಾಗ ನನಗೆ ಆ ತಾಯಿ ರಾಕ್ಷಸಿ ಅಂತ ಅನಿಸಲಿಲ್ಲ. ಎಲ್ಲೋ ನೋಡಿದ್ದೀನಲ್ಲ ಅನಿಸಿತು. ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ.

ಮಗುವಿನ ಪಕ್ಕ ನಿಲ್ಲುವುದು ಬೇರೆ. ಮಗುವಿಗೂ ಅದು ಮಾಡಿದ ಕೆಲಸಕ್ಕೂ ನಡುವೆ ಹೋಗಿ ನಿಲ್ಲುವುದು ಬೇರೆ. ಎರಡಕ್ಕೂ ನಾವು ಪ್ರೀತಿ ಅಂತಲೇ ಹೆಸರಿಟ್ಟಿದ್ದೇವೆ.

ಇನ್ನೊಂದು ಕೋರ್ಟಿನ ವಿಷಯ ಹೇಳುತ್ತೇನೆ, ಇದು ನಮ್ಮದೇ. 2019ರ ಫೆಬ್ರುವರಿಯಲ್ಲಿ ಒಂದು ವಿಡಿಯೊ ಹರಿದಾಡಿತು. ಹಂಪಿಯಲ್ಲಿ ಹುಡುಗರು ಸೇರಿ ಕಲ್ಲಿನ ಕಂಬವನ್ನು ತಳ್ಳಿ ಬೀಳಿಸುವ ವಿಡಿಯೊ. ಎಷ್ಟೋ ನೂರು ವರ್ಷದಿಂದ ನಿಂತಿದ್ದ ಕಂಬ, ಒಂದು ನಿಮಿಷದ ತಮಾಷೆಗೆ ಬಿತ್ತು. ನಾಲ್ವರು ಸಿಕ್ಕಿಬಿದ್ದರು. ಹೊಸಪೇಟೆಯ ಕೋರ್ಟು ತಲಾ 70,000 ರೂಪಾಯಿ ದಂಡ ಹಾಕಿತು. ಜೊತೆಗೆ, ಬಿದ್ದ ಕಂಬವನ್ನು ಅವರೇ ಮತ್ತೆ ನಿಲ್ಲಿಸಬೇಕು ಅಂದಿತು. ಪುರಾತತ್ವ ಇಲಾಖೆಯವರು ಎದುರಿಗೆ ನಿಂತು ಅವರ ಕೈಯಲ್ಲೇ ನಿಲ್ಲಿಸಿದರು. ಅವರು ಮಕ್ಕಳಲ್ಲ, ಬೆಳೆದ ಯುವಕರು, ಒಪ್ಪುತ್ತೇನೆ. ಆದರೆ ಆ ತೀರ್ಪು ನನಗೆ ಎಷ್ಟು ಇಷ್ಟ ಆಯಿತು ಅಂದರೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಕಂಬ ತಳ್ಳುವಾಗ ಅದರ ಭಾರ ಗೊತ್ತಾಗುವುದಿಲ್ಲ. ಎತ್ತುವಾಗ ಗೊತ್ತಾಗುತ್ತದೆ. ಬೆತ್ತದ ಏಟಿನಲ್ಲಿ ಆ ಭಾರ ಇಲ್ಲ, 300 ಪದದ ಪ್ರಬಂಧದಲ್ಲೂ ಇಲ್ಲ.

ಮಾತು ಮುಗಿಸಬೇಕು ಅಂದಾಗ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತರು. ಸಿಟ್ಟಿನಲ್ಲಿದ್ದರು, ದನಿ ನಡುಗುತ್ತಿತ್ತು. ‘ಮೇಡಂ, ಹೊರಗಿನವರು ನಮ್ಮ ಮಕ್ಕಳಿಗೆ ಏನ್ ಬೇಕಾದ್ರೂ ಅಂತಾರೆ. ಟೀಚರ್ಸೂ ಅಂತಾರೆ. ನಾವೂ ಪರ ನಿಲ್ಲದಿದ್ರೆ ಇನ್ಯಾರು ನಿಲ್ಲಬೇಕು?’ ಅವರ ಮಗನಿಗೆ ಕ್ಲಾಸಿನಲ್ಲಿ ಎಲ್ಲರೆದುರು ‘ದಡ್ಡ’ ಅಂದಿದ್ದರಂತೆ. ಅವರು ಹೋಗಿ ಕೇಳಿದ್ದು ಸರಿಯೇ ಅಂದೆ. ನಾನಾಗಿದ್ದರೂ ಕೇಳುತ್ತಿದ್ದೆ. ಅವರಿಗೆ ಉತ್ತರ ಕೊಡುವಷ್ಟು ಜಾಣತನ ನನಗೆ ಇರಲಿಲ್ಲ. ನನಗೆ ಗೊತ್ತಿದ್ದ ಇನ್ನೊಬ್ಬ ತಾಯಿಯ ವಿಷಯ ಹೇಳಿದೆ, ಅಷ್ಟೇ.

ಬಹಳ ಹಿಂದೆ, ಇಲ್ಲೇ ಹತ್ತಿರದ ಒಂದು ಹಳ್ಳಿ ಶಾಲೆ. ಎಂಟನೇ ಕ್ಲಾಸಿನ ಹುಡುಗಿ ಗೆಳತಿಯ ಮೇಲಿನ ಸಿಟ್ಟಿಗೆ ಅವಳ ವಿಜ್ಞಾನದ ನೋಟ್ಸ್ ಪುಸ್ತಕ ಹರಿದು ಬಾವಿಗೆ ಹಾಕಿದ್ದಳು. ಅರ್ಧ ವರ್ಷದ ನೋಟ್ಸು. ತಾಯಿಯನ್ನು ಕರೆಸಿದೆ. ಗದ್ದೆ ಕೆಲಸದಿಂದ ಹಾಗೇ ಬಂದಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಮಗಳನ್ನು ‘ಹೌದಾ?’ ಅಂದರು. ಅವಳು ತಲೆ ಆಡಿಸಿದಳು. ‘ಹೊಸ ಪುಸ್ತಕ ಎಷ್ಟಾಗ್ತದೆ ಅಮ್ಮಾ?’ ಅಂತ ನನ್ನನ್ನು ಕೇಳಿದರು. ಹೇಳಿದೆ. ಸಂಜೆ ಮಗಳ ಜೊತೆ ಪುಸ್ತಕ ಹಿಡಿದು ಬಂದರು. ಇನ್ನೊಬ್ಬರ ನೋಟ್ಸ್ ನೋಡಿಕೊಂಡು ಹುಡುಗಿ ಶಾಲೆಯ ಜಗುಲಿಯಲ್ಲಿ ಬರೆಯಲು ಕೂತಳು. ತಾಯಿ ಪಕ್ಕದಲ್ಲೇ ಕೂತರು. ಅವರಿಗೆ ಓದು ಬರುತ್ತಿರಲಿಲ್ಲ. ಮಡಿಲಲ್ಲಿ ಅವರೆಕಾಯಿ ಇತ್ತು, ಬಿಡಿಸುತ್ತಾ ಕೂತರು. ಮಗಳು ಅತ್ತಳು. ಕೈ ನೋಯುತ್ತೆ ಅಂದಳು. ತಾಯಿ ಅವಳ ಕೈ ಹಿಡಿದು ಬೆರಳು ನೀವಿದರು, ಮತ್ತೆ ಪೆನ್ನು ಕೊಟ್ಟರು. ಹೀಗೇ ನಾಲ್ಕು ಸಂಜೆ. ಬೈದದ್ದನ್ನು ನಾನು ಕೇಳಲಿಲ್ಲ, ಎದ್ದು ಹೋದದ್ದನ್ನೂ ನೋಡಲಿಲ್ಲ.

ಕೊನೆಯ ದಿನ ಕತ್ತಲಾಗುವ ಹೊತ್ತಿಗೆ ಬರೆದು ಮುಗಿಯಿತು. ಪುಸ್ತಕವನ್ನು ಗೆಳತಿಯ ಮನೆಗೆ ಕೊಡಲು ತಾಯಿ ಮಗಳು ಹೊರಟರು. ಗೇಟಿನವರೆಗೆ ಹೋದವರು ತಿರುಗಿ ಬಂದು, ‘ಸಾರಿಗಾಗ್ತದೆ ಅಮ್ಮಾ’ ಅಂತ ಎರಡು ಬೊಗಸೆ ಅವರೆಕಾಳು ನನ್ನ ಸೆರಗಿಗೆ ಹಾಕಿ ಹೋದರು.